ಹುಳಿ ಮಣ್ಣಿನ ಪಾಲು

ಅಕ್ಕನಾಗಮ್ಮನಿಗೆ ತನ್ನ ಭಾವ ಪರಮಶಿವಪ್ಪನ ಮೇಲಿದ್ದ ಸಿಟ್ಟಿಗೆ ಒಂಬತ್ತು ವರ್ಷ ತುಂಬಿತ್ತು. ಅಷ್ಟು ಹಳೆಯ ಸಿಟ್ಟು ಬೇರೆ ಯಾರ ಹೊಟ್ಟೆಯಲ್ಲಾದರೂ ಇಷ್ಟು ಹೊತ್ತಿಗೆ ಮೆತ್ತಗಾಗಿ, ಹಬ್ಬಕ್ಕೊಮ್ಮೆ ಹೋಳಿಗೆ ಕೊಟ್ಟು ಕಳಿಸುವ ಮಟ್ಟಕ್ಕೆ ಬಂದಿರುತ್ತಿತ್ತು. ಈಕೆಯದು ಹಾಗಲ್ಲ. ದಿನಾ ಬೆಳಿಗ್ಗೆ ಆಕೆಗಿಂತ ಮೊದಲು ಎದ್ದು ಮುಖ ತೊಳೆದುಕೊಂಡು ಕಾದು ಕೂತಿರುತ್ತಿತ್ತು. ಆದರೂ ಗಂಡನ ಅಣ್ಣ ಎಂಬ ಮರ್ಯಾದೆಯನ್ನು ಮಾತ್ರ ಆಕೆ ಬಿಟ್ಟವಳಲ್ಲ. ಶಾಪ ಹಾಕುವಾಗಲೂ ಬಹುವಚನವೇ. "ಭಾವಾರ ಬೆಳೆಗೆ ಹುಳ ಬೀಳ್ಲಿ" ಎನ್ನುತ್ತಿದ್ದಳು. "ಭಾವಾರು ಮಣ್ಣು ಮುಕ್ಲಿ" ಎನ್ನುತ್ತಿದ್ದಳು.

ಜಗಳದ ಮೂಲವೂ ಮಣ್ಣೇ. ತಾಳಗುಂದದ ಅಂಚಿನಲ್ಲಿ ಅಣ್ಣತಮ್ಮಂದಿರಿಗೆ ಒಂದಕ್ಕೊಂದು ತಾಗಿದ ಎರಡು ಹೊಲ, ತಲಾ ಮೂರು ಎಕರೆ. ಪಡುವಣಕ್ಕೆ ಸಮತಟ್ಟಾದ ಹೊಲ. ಬದು ದಾಟಿದರೆ ಮೂಡಣಕ್ಕೆ ಕೆಂಪು ಇಳಿಜಾರು, ಬದುವಿನ ಉದ್ದಕ್ಕೂ ಪಟ್ಟಿಯಂತೆ ಚಾಚಿಕೊಂಡದ್ದು. ಅಕ್ಕನಾಗಮ್ಮನ ಗಂಡ ಉಚ್ಚಂಗಪ್ಪ ಎದೆನೋವೆಂದು ಮಲಗಿದವನು ಏಳಲಿಲ್ಲ. ಮಕ್ಕಳಿರಲಿಲ್ಲ. ವರ್ಷ ತುಂಬುವ ಮೊದಲೇ ಪರಮಶಿವಪ್ಪ ಪಾಲಿನ ಮಾತು ತೆಗೆದ. ಆ ಮನೆತನದ ರಿವಾಜಿನಂತೆ ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಮೋಸಕ್ಕೆ ಜಾಗವೇ ಇಲ್ಲದ ಪದ್ಧತಿ ಎಂದು ಎಲ್ಲರೂ ಹೊಗಳುವಂಥದ್ದು. ಆ ಮಳೆಗಾಲ ಇಳಿಜಾರಿನಲ್ಲಿ ಮೆಕ್ಕೆಜೋಳ ಆಳೆತ್ತರ ಎದ್ದು ಕಪ್ಪುಹಸಿರಾಗಿ ನಿಂತಿತ್ತು. ಸಮತಟ್ಟು ಹೊಲದಲ್ಲಿ ಕಳೆ ತುಂಬಿ ಜೋಳ ಬಡಕಲಾಗಿತ್ತು. ಗಂಡ ಇರುವವರೆಗೆ ಹೊಲದ ಕೆಲಸಕ್ಕೆ ಇಳಿಯದಿದ್ದ ಅಕ್ಕನಾಗಮ್ಮ ಊರ ಹಿರಿಯರ ಮುಂದೆ ಇಳಿಜಾರನ್ನು ಆರಿಸಿಕೊಂಡಳು. ಗಂಡ ಸತ್ತರೂ ಬುದ್ಧಿ ಕಳೆದುಕೊಂಡಿಲ್ಲ, ಜಾಣೆ ಎಂದರು ಎಲ್ಲರೂ. ಪರಮಶಿವಪ್ಪ ತಲೆ ತಗ್ಗಿಸಿ, ಸೋತವನ ಹಾಗೆ ಸಹಿ ಹಾಕಿದ.

ಮೊದಲ ವರ್ಷ ಬೆಳೆ ಪರವಾಗಿಲ್ಲ ಎನ್ನಿಸಿತು. ಎರಡನೆಯ ವರ್ಷ ಸೊಂಟದ ಮಟ್ಟಕ್ಕೆ ನಿಂತಿತು. ಮೂರನೆಯ ವರ್ಷ ಮೊಣಕಾಲು ದಾಟಲಿಲ್ಲ. ಕಿತ್ತು ನೋಡಿದರೆ ಬೇರು ಕೋಳಿಯ ಬೆರಳಿನ ಹಾಗೆ ಮೊಂಡಾಗಿ, ಕಂದು ತಿರುಗಿ, ಮುಟ್ಟಿದರೆ ಲಟಕ್ಕನೆ ಮುರಿಯುತ್ತಿತ್ತು. ಮಣ್ಣು ಪರೀಕ್ಷೆ ಮಾಡಿಸಿದಳು. ವಿಪರೀತ ಹುಳಿ ಮಣ್ಣು, ಸುಣ್ಣ ಹಾಕಿ ಎಂದರು. ಸುಣ್ಣ ತರಲೆಂದು ಶಿಕಾರಿಪುರದಲ್ಲಿ ಮನ್ಸೂರ್ ಸಾಹೇಬರ ಅಂಗಡಿಗೆ ಹೋದಳು. ಸುಣ್ಣ, ಸಿಮೆಂಟು, ಬಣ್ಣ ಮಾರುವ ಅಂಗಡಿ ಅದು. ಮನ್ಸೂರ್ ಸಾಹೇಬರು ಒಳ್ಳೆಯ ಮನುಷ್ಯ, ಮಾತು ಸ್ವಲ್ಪ ಜಾಸ್ತಿ.

"ಎಷ್ಟು ಚೀಲ ಹಾಕ್ಸಲಮ್ಮಾ? ಹೋದ ಸಲದಂಗೆ ನಲ್ವತ್ತಾ?" ಎಂದು ಕೇಳಿದರು.

"ಯಾವ ಹೋದ ಸಲ?"

"ಅದೇರೀ, ನಿಮ್ಮ ಯಜಮಾನ್ರು ತೀರ್ಕೊಂಡ ವರ್ಷ. ನಿಮ್ಮ ಭಾವಾರು ನಲ್ವತ್ತು ಚೀಲ ಒಯ್ದಿದ್ರಲ್ಲ, ಇಳಿಜಾರು ಹೊಲಕ್ಕೆ ಅಂತ. ನಮ್ಮ ಗಾಡೀನೇ ಬಂದಿತ್ತು. ಅದ್ರ ಮ್ಯಾಲೆ ಎರಡು ಲೋಡು ಕೋಳಿಗೊಬ್ಬರ ಬೇರೆ ಹೊಡ್ಸಿದ್ರು. ಆ ಹೊಲದ ಮ್ಯಾಲೆ ಭಾಳ ಪ್ರೀತಿರೀ ಅವ್ರಿಗೆ."

ಅಕ್ಕನಾಗಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತಳು. ಮನ್ಸೂರ್ ಸಾಹೇಬರು ಬಿಸಿಲಿಗೆ ಹೀಗಾಯಿತೆಂದು ನೀರು ತರಿಸಿದರು. ನೀರು ಕುಡಿದು ಎದ್ದವಳು ಸುಣ್ಣ ಕೊಳ್ಳದೆ ಬಸ್ಸು ಹತ್ತಿ ಸೀದಾ ಭಾವನ ಮನೆಗೆ ಬಂದಳು.

ಪರಮಶಿವಪ್ಪ ಇಲ್ಲ ಎನ್ನಲಿಲ್ಲ. ಸುಳ್ಳು ಹೇಳಿದ್ದರೂ ಆಕೆಗೆ ಅಷ್ಟು ಉರಿಯುತ್ತಿರಲಿಲ್ಲವೇನೋ. "ಹೊಲಕ್ಕೆ ಸುಣ್ಣ ಹಾಕೋದು ತಪ್ಪೇನು? ನಾನೇನು ನಿನ್ನ ಕೈ ಹಿಡ್ದು ತೋರ್ಸಿದ್ನಾ? ಹತ್ತು ಜನದ ಮುಂದೆ ನೀನೇ ಆರಿಸ್ಕೊಂಡಿದ್ದು" ಎಂದ. ಊರವರೂ ಅದನ್ನೇ ಹೇಳಿದರು. ಮಕ್ಕಳಿಲ್ಲದ ವಿಧವೆ, ಇನ್ನೆರಡು ವರ್ಷ ನೋಡಿ ಹೊಲ ಬಿಟ್ಟುಕೊಟ್ಟು ಸೊರಬದ ಕಡೆಯ ತವರಿಗೆ ಹೋಗುತ್ತಾಳೆ ಎಂಬುದು ಅವನ ಲೆಕ್ಕ ಎಂದು ಆಕೆಗೆ ಆಗ ಹೊಳೆಯಿತು. ಆ ಲೆಕ್ಕ ತಪ್ಪಿಸುವುದೇ ತನ್ನ ಉಳಿದ ಆಯುಷ್ಯದ ಕೆಲಸ ಎಂದುಕೊಂಡಳು.

ಸುಣ್ಣ ಹಾಕಲಿಲ್ಲ. ಹಾಕಿದರೂ ಮೇಲಿನ ಒಂದು ಗೇಣು ಮಣ್ಣಷ್ಟೇ ಸರಿಹೋಗುತ್ತದೆ, ಎರಡು ಮೂರು ಮಳೆಗಾಲಕ್ಕೆ ತೊಳೆದು ಹೋಗುತ್ತದೆ, ಮತ್ತೆ ಹಾಕಬೇಕು. ಇದು ಆಕೆ ಜನಕ್ಕೆ ಹೇಳುತ್ತಿದ್ದ ಕಾರಣ. ನಿಜವಾದ ಕಾರಣ ಬೇರೆ. ಭಾವ ಸುಳ್ಳು ಸುರಿದ ಮಣ್ಣಿನ ಮೇಲೆ ಅದೇ ಸುಳ್ಳನ್ನು ತಾನೂ ಸುರಿಯಲು ಆಕೆಗೆ ಮನಸ್ಸಾಗಲಿಲ್ಲ. ತವರಿಗೆ ಹೋಗಿ, ಅವ್ವ ಹಿತ್ತಿಲಿನಲ್ಲಿ ಹಾಕುತ್ತಿದ್ದ ಹಳೆಯ ನಾಟಿ ಮೆಕ್ಕೆಜೋಳದ ಬೀಜ ತಂದು ಇಳಿಜಾರಿನ ತುಂಬ ಚೆಲ್ಲಿದಳು. ಹುಟ್ಟಿದ್ದರಲ್ಲಿ ಮುಕ್ಕಾಲುಪಾಲು ಸತ್ತಿತು. ಉಳಿದದ್ದರಲ್ಲಿ ಮುಕ್ಕಾಲು ತೆನೆ ಕಟ್ಟಲಿಲ್ಲ. ಕಡೆಗೆ ಕಾಳು ಕೊಟ್ಟದ್ದು ಹದಿನೆಂಟು ಗಿಡ. ಆ ಹದಿನೆಂಟರ ಬೀಜವನ್ನೇ ಮರುವರ್ಷ ಹಾಕಿದಳು. ಹೀಗೆ ಒಂಬತ್ತು ಮಳೆಗಾಲ. ಸಾಯುವುದನ್ನು ಸಾಯಲು ಬಿಟ್ಟು, ಬದುಕಿದ್ದರ ಬೀಜ ಮಾತ್ರ ಎತ್ತಿಡುತ್ತ ಬಂದಳು. ತೆನೆ ಸಣ್ಣದು, ಸೊಟ್ಟ, ನಡುನಡುವೆ ಹಲ್ಲು ಬಿದ್ದ ಹಾಗೆ ಖಾಲಿ. ಆದರೆ ಗಿಡ ಸಾಯುವುದು ನಿಂತಿತ್ತು.

ಆ ಒಂಬತ್ತರಲ್ಲಿ ಏಳನೆಯ ವರ್ಷ ಕೃಷಿ ವಿಶ್ವವಿದ್ಯಾಲಯದ ಹುಡುಗಿ ಗಂಗಾಶ್ರೀ ಬಂದಳು. ಸೊರಬದಲ್ಲಿ ಕೋಣೆ ಹಿಡಿದು, ಹುಳಿ ಮಣ್ಣಿನ ಬೆಳೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ಬಸ್ಸಿನ ಕಿಟಕಿಯಿಂದ ಕೆಂಪು ಇಳಿಜಾರಿನ ಮೇಲೆ ಹಸಿರು ಕಂಡು, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬಂದಿದ್ದಳು. ಹಿಡಿ ಬೀಜ ಕೇಳಿ ಒಯ್ದು, ತಿಂಗಳು ಬಿಟ್ಟು ಅಕ್ಕನಾಗಮ್ಮನನ್ನು ಸೊರಬಕ್ಕೆ ಕರೆಸಿಕೊಂಡಳು. ಅವಳ ಕೋಣೆಯ ಮೇಜಿನ ಮೇಲೆ ಎರಡು ಗಾಜಿನ ಡಬ್ಬಿ, ಎರಡರಲ್ಲೂ ಎಳೆ ಸಸಿ. ಒಂದರಲ್ಲಿ ಅಂಗಡಿಯಲ್ಲಿ ಮಾರುವ ಕಂಪನಿ ಜೋಳ, ಇನ್ನೊಂದರಲ್ಲಿ ಅಕ್ಕನಾಗಮ್ಮನದು. ಸಸಿಗಳನ್ನು ಬಣ್ಣದ ನೀರಿನಲ್ಲಿ ಅದ್ದಿ, ತೊಳೆದು, ಬಿಳಿ ಹಾಳೆಯ ಮೇಲೆ ಇಟ್ಟಳು. ಕಂಪನಿ ಜೋಳದ ಬೇರಿನ ತುದಿ ಕಡುನೇರಳೆಯಾಗಿತ್ತು. ಅಕ್ಕನಾಗಮ್ಮನದು ಬೆಳ್ಳಗೇ ಇತ್ತು.

"ಇದೇನವ್ವಾ, ಶಾಯಿ ಕುಡ್ದಂಗೆ?"

"ಲೋಹ ಅಮ್ಮಾ. ಪಾತ್ರೆ ಮಾಡ್ತಾರಲ್ಲ ಅಲ್ಯೂಮಿನಿಯಂ, ಅದೇ. ಎಲ್ಲ ಮಣ್ಣಲ್ಲೂ ಇರುತ್ತೆ, ತನ್ನ ಪಾಡಿಗೆ ಗಟ್ಟಿಯಾಗಿ ಕೂತಿರುತ್ತೆ. ಮಣ್ಣು ಹುಳಿಯಾದ್ರೆ ಬಿಚ್ಕೊಂಡು ನೀರಿಗೆ ಇಳಿದು ಬೇರಿನ ತುದಿಗೆ ನುಗ್ಗುತ್ತೆ. ಎಲ್ಲಿ ನುಗ್ಗಿದೆಯೋ ಅಲ್ಲಿ ಈ ಬಣ್ಣ ಹಿಡಿಯುತ್ತೆ."

"ನಮ್ದಕ್ಕೆ ಯಾಕೆ ಹಿಡಿಲಿಲ್ಲ?"

"ನಿಮ್ಮ ಜೋಳದ ಬೇರು ತುದಿಯಿಂದ ನಿಂಬೆಹಣ್ಣಿನ ಹುಳಿ ಥರದ್ದನ್ನ ಹೊರಗೆ ಬಿಡುತ್ತೆ. ಆ ಹುಳಿ ಲೋಹನ ಹೊರಗೇ ಕಟ್ಟಿಹಾಕುತ್ತೆ, ಒಳಗೆ ಬಿಡಲ್ಲ. ಆ ಕೆಲಸ ಮಾಡಿಸೋ ಜೀನು ಬೇರೆ ಜೋಳದಲ್ಲಿ ಒಂದಿರುತ್ತೆ. ನಿಮ್ಮದರಲ್ಲಿ ಅದೇ ಜೀನು ಮೂರು ಪ್ರತಿ ಇದೆ, ಒಂದರ ಪಕ್ಕ ಒಂದು. ಅವ್ವನ ಹಿತ್ತಿಲಲ್ಲಿ ಎಲ್ಲೋ ಕೆಲವು ಗಿಡದಲ್ಲಿ ಇತ್ತು. ನೀವು ಉಳಿದದ್ದನ್ನೆಲ್ಲ ಸಾಯಿಸಿ ಅದನ್ನೊಂದೇ ಉಳಿಸಿದ್ದೀರಿ."

ಬಂದ ವಿಷವನ್ನು ಬಾಗಿಲಲ್ಲೇ ತಡೆದು ನಿಲ್ಲಿಸುವ ಗಿಡ ಎಂದು ಅಕ್ಕನಾಗಮ್ಮ ಅರ್ಥ ಮಾಡಿಕೊಂಡಳು. ಅಂಥ ಗಿಡ ಆಕೆಗೆ ಬಹಳ ಹಿಡಿಸಿತು.

ಎರಡು ವರ್ಷ ಕಳೆದ ಮೇಲೆ ಗಂಗಾಶ್ರೀ, ಈ ಜೋಳವನ್ನು ರೈತ ತಳಿ ಎಂದು ಅಕ್ಕನಾಗಮ್ಮನ ಹೆಸರಿನಲ್ಲೇ ನೋಂದಾಯಿಸೋಣ ಎಂದಳು. ಅದಕ್ಕೆ ಬೀಜ ಬಹಳ ಬೇಕು, ಶುದ್ಧವಾಗಿಯೂ ಇರಬೇಕು. ಬರುವ ಮಳೆಗಾಲಕ್ಕೆ ಒಂದು ಕಾಳನ್ನೂ ಹಿಂದಿಡದೆ ಇಡೀ ಇಳಿಜಾರಿಗೆ ಬಿತ್ತುವುದೆಂದು ತೀರ್ಮಾನವಾಯಿತು. ಸುದ್ದಿ ಊರಲ್ಲಿ ಹಬ್ಬಿತು. ಆ ಸುದ್ದಿ ಕೇಳಿ ಎಲ್ಲರಿಗಿಂತ ಹೆಚ್ಚು ಹೊಟ್ಟೆ ಉರಿದದ್ದು ಪರಮಶಿವಪ್ಪನಿಗೆ. ಅವನ ಸಮತಟ್ಟು ಹೊಲ ಈಗ ಹಿಂದಿನದಾಗಿರಲಿಲ್ಲ. ವರ್ಷ ಬಿಡದೆ ಯೂರಿಯಾ ಸುರಿದು, ನಡುವೆ ಮೂರು ವರ್ಷ ಶುಂಠಿಯವರಿಗೆ ಗುತ್ತಿಗೆ ಕೊಟ್ಟು, ಅದನ್ನೂ ಹುಳಿ ಮಾಡಿಕೊಂಡು ಕೂತಿದ್ದ. ಕದ್ದು ಉಳಿಸಿಕೊಂಡದ್ದನ್ನೇ ಕೈಯಾರೆ ಕೆಡಿಸಿಕೊಂಡಿದ್ದ. ಅಕ್ಕನಾಗಮ್ಮ ಅದನ್ನು ತಿಳಿದ ದಿನ ಪಾಯಸ ಮಾಡಿ ಉಂಡಿದ್ದಳು.

ಬಿತ್ತನೆಗೆ ಹದಿನೈದು ದಿನ ಇರುವಾಗ ಪರಮಶಿವಪ್ಪನ ಸೊಸೆ ಚೈತ್ರಶ್ರೀ ಕೊಳಾಯಿಯ ಹತ್ತಿರ ಸಿಕ್ಕಿ, "ಚಿಕ್ಕತ್ತೇ, ನಾಳೆ ಮಾವ ನಿಮ್ಮನೆಗೆ ಬೀಜ ಕೇಳೋಕೆ ಬರ್ತಾರಂತೆ" ಎಂದಳು.

ಬೀಜ ಕೇಳಿ ಬಂದವರಿಗೆ ಆ ಮನೆತನದಲ್ಲಿ ಇಲ್ಲ ಎನ್ನುವಂತಿಲ್ಲ. ಅತ್ತೆಯ ಕಾಲದಿಂದ ನಡೆದು ಬಂದದ್ದು. ಬೀಜಕ್ಕೆ ಬೆಲೆಯಿಲ್ಲ. ಬಂದವರು ಮೊರ ಹಿಡಿದುಕೊಂಡು ಬಂದು, ಅಡಿಗೆಮನೆಯ ತೊಲೆಗೆ ಕಟ್ಟಿದ ತೆನೆಗಳಲ್ಲಿ ಬೇಕಾದದ್ದನ್ನು ತಮ್ಮ ಕೈಯಿಂದ ಆರಿಸಿಕೊಳ್ಳಬೇಕು. ಕೊಡುವವರು ಬೆರಳು ತೋರಿಸಬಾರದು, ಬಾಯಿ ಬಿಡಬಾರದು. ನಾಳೆ ಬೆಳೆ ಕೆಟ್ಟರೆ ಕೊಟ್ಟವರ ಮೇಲೆ ಮಾತು ಬರಬಾರದಲ್ಲ, ಅದಕ್ಕೆ.

ಅಕ್ಕನಾಗಮ್ಮನ ಮನೆಯ ಪಕ್ಕ, ರಸ್ತೆಯ ಬದಿಗೆ ಒಂದು ಮೂಲೆಯಿತ್ತು. ಒಲೆಯ ಬೂದಿಯನ್ನೆಲ್ಲ ವರ್ಷಗಟ್ಟಲೆ ಸುರಿದು ಅಲ್ಲಿ ಮಣ್ಣಿನ ಹುಳಿ ಸತ್ತಿತ್ತು. ಸುಟ್ಟು ತಿನ್ನುವುದಕ್ಕೆಂದು ಅಲ್ಲಿ ಆಕೆ ಕಂಪನಿ ಜೋಳ ಹಾಕುತ್ತಿದ್ದಳು. ಗೇಣುದ್ದ ದಪ್ಪ ತೆನೆ, ಕಾಳು ಒತ್ತಾಗಿ ಜೋಡಿಸಿದಂತೆ ಇರುವಂಥದ್ದು. ಆ ಮಧ್ಯಾಹ್ನ ಏಣಿ ಹಾಕಿ, ಅಟ್ಟದಲ್ಲಿ ದನಕ್ಕೆಂದು ಬಿದ್ದಿದ್ದ ಆ ದಪ್ಪ ತೆನೆಗಳನ್ನು ಸಿಪ್ಪೆ ಹೆಣೆದು ಬೀಜದ ತೊಲೆಗೆ ಕಟ್ಟಿದಳು. ಪಕ್ಕದಲ್ಲೇ ಇಳಿಜಾರಿನ ಸೊಟ್ಟ ತೆನೆಗಳೂ ಇದ್ದವು. ಅವನ್ನು ತೆಗೆಯಲಿಲ್ಲ, ಮುಚ್ಚಲಿಲ್ಲ. ಭಾವ ಹೊಲಕ್ಕೆ ಸುಣ್ಣ ಹಾಕಿದ ಹಾಗೆ ತಾನು ತೊಲೆಗೆ ತೆನೆ ಕಟ್ಟಿದ್ದೇನೆ, ತಪ್ಪೇನು ಎಂದುಕೊಂಡಳು. ಒಂದೇ ಒಂದು ಅಳುಕಿತ್ತು. ಜೋಳದ ಹೂವಿನ ಪುಡಿ ಗಾಳಿಯಲ್ಲಿ ಹಾರುತ್ತದೆ, ಪಕ್ಕದ ಹೊಲದ್ದು ತನ್ನ ತೆನೆಗೆ ಕೂತರೆ ಬೀಜ ಕಲಬೆರಕೆಯಾಗುತ್ತದೆ. ಆದರೆ ಕಂಪನಿ ಜೋಳ ಯಾವಾಗಲೂ ತನ್ನದಕ್ಕಿಂತ ಇಪ್ಪತ್ತು ದಿನ ಮೊದಲೇ ಹೂ ಬಿಟ್ಟು ಮುಗಿಸುತ್ತಿತ್ತು. ಬೂದಿಮೂಲೆಯಲ್ಲಿ ಒಂಬತ್ತು ವರ್ಷ ಕಣ್ಣಾರೆ ಕಂಡದ್ದು. ಅಳುಕನ್ನು ಅಲ್ಲಿಗೇ ಬಿಟ್ಟಳು.

ಮರುದಿನ ಬೆಳಿಗ್ಗೆ ಪರಮಶಿವಪ್ಪ ಮೊರ ಹಿಡಿದು ಬಂದ. ಪಾಲಾಗಿ ಹನ್ನೆರಡು ವರ್ಷದ ಮೇಲೆ ಆ ಹೊಸ್ತಿಲು ತುಳಿದಿದ್ದ. ತೊಲೆಯ ಕೆಳಗೆ ಕತ್ತೆತ್ತಿ ಬಹಳ ಹೊತ್ತು ನಿಂತ. ಸೊಟ್ಟ ತೆನೆಯೊಂದನ್ನು ಮುಟ್ಟಿ ನೋಡಿ ಕೈಬಿಟ್ಟ.

"ಇಂಥವು ಮುಂದೆ ಕಟ್ಟಿದ್ರೆ ನಾನು ಹಂಗೇ ಹೋಗ್ತೀನಿ ಅಂದ್ಕಂಡಿಯೇನು?" ಎಂದ. "ಜೋಳ ನೋಡಿ ಮುದುಕ ಆಗಿದೀನಿ ನಾನು."

ಅಕ್ಕನಾಗಮ್ಮ ಒಲೆಗೆ ಕಡ್ಡಿ ಇಡುತ್ತಿದ್ದಳು. ಬಾಯಿ ಬಿಡಲಿಲ್ಲ. ರಿವಾಜು ಇರುವುದೇ ಬಾಯಿ ಬಿಡಬಾರದೆಂದು. ಪರಮಶಿವಪ್ಪ ದಪ್ಪ ತೆನೆಗಳನ್ನೇ ಒಂದೊಂದಾಗಿ ಬಿಚ್ಚಿ ಮೊರ ತುಂಬಿಕೊಂಡ. ಸಾಲದ್ದಕ್ಕೆ ಹೆಗಲ ಮೇಲಿನ ಟವೆಲ್ಲಿನಲ್ಲೂ ಕಟ್ಟಿಕೊಂಡ. ಅವನು ಅಂಗಳ ದಾಟಿದ ಮೇಲೆ ಆಕೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಒಂದೇ ವಾರದಲ್ಲಿ ಎರಡೂ ಹೊಲಕ್ಕೆ ಬಿತ್ತನೆಯಾಯಿತು. ಪರಮಶಿವಪ್ಪ ಟೀ ಅಂಗಡಿಯಲ್ಲಿ ಕೂತು, ನಮ್ಮ ಮನೆತನದ ಬೀಜ, ಯೂನಿವರ್ಸಿಟಿಯವರು ಹುಡುಕಿಕೊಂಡು ಬಂದ ಬೀಜ ಎಂದು ಹೇಳಿಕೊಂಡು ತಿರುಗಿದ. ತಿಂಗಳು ಕಳೆಯುವಷ್ಟರಲ್ಲಿ ಅವನ ಜೋಳ ಗೇಣುದ್ದಕ್ಕೆ ನಿಂತು, ಎಲೆಯ ಅಂಚು ಕೆನ್ನೇರಳೆಯಾಗಿ, ನಡುನಡುವೆ ಸಾಯತೊಡಗಿತು. ಬದುವಿನ ಈಚೆ ಅಕ್ಕನಾಗಮ್ಮನದು ಸೊಂಟದ ಮಟ್ಟ. ಆಕೆ ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು, ಹಣೆಗೆ ವಿಭೂತಿ ಇಟ್ಟು, ಸೀದಾ ಬದುವಿನ ಹತ್ತಿರ ಹೋಗಿ ನಿಂತು ಭಾವನ ಹೊಲ ನೋಡುತ್ತಿದ್ದಳು. ಅವನು ಯೂರಿಯಾ ಹಾಕಿದ, ಆಕೆಗೆ ಸಂತೋಷ. ಮೇಲಿಂದ ಮೇಲೆ ಔಷಧಿ ಹೊಡೆಸಿದ, ಇನ್ನೂ ಸಂತೋಷ. ಊರವರು ಒಂದೇ ಮನೆಯ ಬೀಜ, ಅಲ್ಲಿ ಹಾಗೆ ಇಲ್ಲಿ ಹೀಗೆ ಯಾಕೆ ಎಂದು ಕೇಳಿದರೆ, "ಭಾವಾರು ತಾವೇ ಆರಿಸ್ಕಂಡು ಹೋದ್ರು, ನಂಗೇನು ಗೊತ್ತು ಮಾರಾಯ್ರೇ" ಎಂದು ತವರಿನ ಧಾಟಿಯಲ್ಲಿ ರಾಗ ಎಳೆಯುತ್ತಿದ್ದಳು. ಆ ಎರಡು ತಿಂಗಳು ಆಕೆಗೆ ಮಂಡಿನೋವು ಕೂಡ ಇರಲಿಲ್ಲ.

ಇಳಿಜಾರಿನ ಜೋಳ ನೆತ್ತಿಯ ಮೇಲೆ ಸೂಲಂಗಿ, ಅಂದರೆ ಹೂಗೊಂಚಲು, ತೆಗೆಯುವ ಹೊತ್ತಿಗೆ ಗಂಗಾಶ್ರೀ ಬಂದಳು. ತೆನೆಗಳ ತುದಿಯಲ್ಲಿ ರೇಷ್ಮೆಯಂಥ ಕೂದಲು ಆಗತಾನೇ ಇಣುಕುತ್ತಿತ್ತು. ಆ ಕೂದಲ ಮೇಲೆ ಸೂಲಂಗಿಯ ಪುಡಿ ಬಿದ್ದರೆ ಕಾಳು ಕಟ್ಟುತ್ತದೆ. ಗಂಗಾಶ್ರೀ ಖುಷಿಯಾಗಿ ಸಾಲು ಸಾಲು ನೋಡುತ್ತ ಬಂದವಳು ಬದುವಿನ ಹತ್ತಿರ ನಿಂತುಬಿಟ್ಟಳು.

"ಅಮ್ಮಾ, ಆ ಹೊಲದಲ್ಲಿ ಯಾವ ಜೋಳ ಹಾಕಿದ್ದಾರೆ?"

ಅಕ್ಕನಾಗಮ್ಮ ಹೆಮ್ಮೆಯಿಂದಲೇ ನಡೆದದ್ದನ್ನೆಲ್ಲ ಹೇಳಿದಳು. ಗಂಗಾಶ್ರೀ ನಗಲಿಲ್ಲ. ಕೈ ತೋರಿಸಿದಳು. ಮೊಣಕಾಲೆತ್ತರದ ಆ ಬಡಕಲು ಗಿಡಗಳ ನೆತ್ತಿಯಲ್ಲೆಲ್ಲ ಸೂಲಂಗಿ ಬಿಚ್ಚಿಕೊಳ್ಳುತ್ತಿತ್ತು.

"ಕಂಪನಿ ಜೋಳ ಇಪ್ಪತ್ತು ದಿನ ಮೊದ್ಲೇ ಹೂ ಬಿಡ್ತದಲ್ದಾ? ಇಷ್ಟೊತ್ತಿಗೆ ಮುಗೀಬೇಕಿತ್ತು" ಎಂದಳು ಅಕ್ಕನಾಗಮ್ಮ.

"ಒಳ್ಳೆ ಮಣ್ಣಲ್ಲಿ ಹಾಗೆ ಅಮ್ಮಾ. ಬೇರು ಸುಟ್ಟುಕೊಂಡ ಗಿಡ ಎಲ್ಲಾದಕ್ಕೂ ತಡ ಮಾಡುತ್ತೆ, ಹೂವಿಗೂ. ಸರಿಯಾಗಿ ಇಪ್ಪತ್ತು ದಿನ ತಡ ಮಾಡಿದೆ. ಗಾಳಿ ಬೇರೆ ಪಡುವಣದಿಂದ ಈ ಕಡೆಗೇ ಬೀಸ್ತಿದೆ. ನಾಳೆ ನಾಡಿದ್ದರಲ್ಲಿ ಅಲ್ಲಿನ ಪುಡಿಯೆಲ್ಲ ಇಲ್ಲಿ ಕೂರುತ್ತೆ. ಈಗಲೇ ಹೋಗಿ ಆ ಸೂಲಂಗಿಯೆಲ್ಲ ಮುರಿಸಿ, ದಮ್ಮಯ್ಯ. ಅವರ ಬೆಳೆ ಹೇಗೂ ಹೋಗಿದೆ, ಅವರಿಗೇನೂ ನಷ್ಟ ಇಲ್ಲ."

ಅಕ್ಕನಾಗಮ್ಮ ತನ್ನ ಸಾಲುಗಳ ಕಡೆ ತಿರುಗಿ ನೋಡಿದಳು. ಒಂಬತ್ತು ಮಳೆಗಾಲದ ಬೀಜ ಪೂರ್ತಿ ಈ ಹೊಲದಲ್ಲಿತ್ತು, ಮನೆಯ ತೊಲೆ ಖಾಲಿಯಿತ್ತು. ಯಾರ ಮನೆಯ ಬಾಗಿಲಿಗೆ ಜನ್ಮದಲ್ಲಿ ಹೋಗಬಾರದೆಂದಿದ್ದಳೋ ಅಲ್ಲಿಗೆ ಹೋಗಿ, ತಾನು ಮಾಡಿದ್ದನ್ನು ತಾನೇ ಹೇಳಿ, ಬೇಡಿಕೊಳ್ಳಬೇಕಾಗಿತ್ತು.

ಹೋದಳು. ಗಂಗಾಶ್ರೀಯೂ ಜೊತೆಗೆ ಬಂದಳು. ಪರಮಶಿವಪ್ಪ ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಅಕ್ಕನಾಗಮ್ಮ ಕೂರದೆ, ನಿಂತೇ ಹೇಳಿದಳು. "ನೀವು ಒಯ್ದ ತೆನೆ ನನ್ನ ಬೀಜದ್ದಲ್ಲ ಭಾವಾರೇ. ಬೂದಿಮೂಲೆಯ ಕಂಪನಿ ಜೋಳ. ಸಣ್ಣವೇ ಬೀಜದವು. ನಾನು ಸುಮ್ನಿದ್ದೆ."

ಅವನು ಅಗಿಯುವುದನ್ನು ನಿಲ್ಲಿಸಿದ. "ಬೇಕಂತ್ಲೇ ಕಟ್ಟಿದ್ದಿಯಾ?"

"ಬೇಕಂತ್ಲೇ. ನೀವು ನಲ್ವತ್ತು ಚೀಲ ಹಾಕಿದಂಗೇ."

ಪರಮಶಿವಪ್ಪನ ಮುಖ ಕೆಂಪಾಯಿತು. ಅವನು ಬೈಯಲಿ ಎಂದು ಆಕೆ ಕಾದಳು. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಗಂಗಾಶ್ರೀ ನಡುವೆ ಬಾಯಿ ಹಾಕಿ, ಸೂಲಂಗಿಯ ವಿಷಯ ವಿವರಿಸಿ, ಇವತ್ತೇ ಮುರಿಸಿದರೆ ಬೀಜ ಉಳಿಯುತ್ತದೆ ಎಂದಳು. ಅದನ್ನು ಕೇಳುತ್ತ ಕೇಳುತ್ತ ಅವನ ಮುಖ ತಿಳಿಯಾಯಿತು. ತನ್ನ ಸತ್ತ ಬೆಳೆಗೆ ಇದ್ದಕ್ಕಿದ್ದ ಹಾಗೆ ಬೆಲೆ ಬಂದದ್ದು ಅವನಿಗೆ ಅರ್ಥವಾಯಿತು.

"ಮುರಿಸ್ತೀನಿ. ಈಗ್ಲೇ ಆಳು ಹಾಕ್ತೀನಿ" ಎಂದ. "ಬರೋ ಬೀಜದಾಗೆ ಅರ್ಧ ನನಗೆ. ಸರ್ಕಾರದ ಕಾಗದದಾಗೂ ಇಬ್ಬರ ಹೆಸರು. ನಿನ್ನದೇನು ತವರಿನ ಬೀಜ ಇರಬಹುದು, ಬೆಳೆದಿದ್ದು ನಮ್ಮಪ್ಪನ ಮಣ್ಣಾಗೆ."

"ಒಪ್ಕೊಳ್ಳಿ ಅಮ್ಮಾ" ಎಂದು ಗಂಗಾಶ್ರೀ ಆಕೆಯ ಮೊಣಕೈ ಹಿಡಿದಳು. "ಅರ್ಧ ಕೊಟ್ಟರೂ ನಿಮ್ಮ ಅರ್ಧ ಶುದ್ಧವಾಗಿ ಉಳಿಯುತ್ತೆ. ಇಲ್ದಿದ್ರೆ ಎಲ್ಲಾ ಹೋಗುತ್ತೆ."

ಅಕ್ಕನಾಗಮ್ಮನಿಗೆ ಲೆಕ್ಕ ಗೊತ್ತಾಗದೆ ಇರಲಿಲ್ಲ. ಕೊಟ್ಟರೆ ತನಗೇ ಲಾಭ ಎಂದು ಚೆನ್ನಾಗಿ ಗೊತ್ತಿತ್ತು. ಆದರೆ ಕಣ್ಣ ಮುಂದೆ ಭಾವನ ಹೊಲದಲ್ಲಿ ತನ್ನ ಜೋಳ ತಲೆಯೆತ್ತಿ ನಿಂತದ್ದೂ, ಟೀ ಅಂಗಡಿಯಲ್ಲಿ ಅವನು ಮೀಸೆ ತಿರುವುತ್ತ ಕೂತದ್ದೂ ಬಂದವು. ಹದಿನೆಂಟು ಗಿಡ ಎಣಿಸಿದ ವರ್ಷ ನೆನಪಾಯಿತು.

"ಗಾಳಿ ಎಷ್ಟು ಬೇಕಾದ್ರೂ ಬೀಸ್ಲಿ ಭಾವಾರೇ" ಎಂದಳು. "ನಿಮಗೆ ಒಂದು ಕಾಳೂ ಕೊಡೋದಿಲ್ಲ."

ದಾರಿಯುದ್ದಕ್ಕೂ ಗಂಗಾಶ್ರೀ ಮುಂದೆ ಮುಂದೆ ನಡೆದಳು. ಬಸ್‌ಸ್ಟಾಪಿನಲ್ಲಿ ನಿಂತು, "ನಾಲ್ಕೈದು ವರ್ಷ ಹಿಂದಕ್ಕೆ ಹೋಯ್ತು ಅಮ್ಮಾ. ನಿಮ್ದೂ, ನನ್ದೂ" ಎಂದಳು.

"ಅವರ ಕೈಗೆ ಹೋಗೋದಕ್ಕಿಂತ ಹಿಂದಕ್ಕೆ ಹೋಗೋದು ವಾಸಿ" ಎಂದಳು ಅಕ್ಕನಾಗಮ್ಮ. ನಾಲ್ಕು ದಿನ ಬಿಸಿಲು ಕಾಯಿತು, ಒಳ್ಳೆ ಗಾಳಿ ಬೀಸಿತು. ಬೆಳಗಿನ ಹೊತ್ತು ಬದುವಿನ ಮೇಲೆ ಹಳದಿ ಪುಡಿ ತೇಲಿ ಬರುವುದು ಕಣ್ಣಿಗೇ ಕಾಣುತ್ತಿತ್ತು. ಆಕೆ ನಿಂತು ನೋಡಿದಳು.

ಸುಗ್ಗಿ ಮುಗಿದ ಮೇಲೆ ಸೊರಬದಲ್ಲಿ ಗಂಗಾಶ್ರೀ ಹೊಸ ಬೀಜದ ಮೂವತ್ತು ಸಸಿಗೆ ಬಣ್ಣ ಹಾಕಿದಳು. ಹತ್ತೊಂಬತ್ತು ಬೇರು ಬಿಳಿ. ಹನ್ನೊಂದು ಬಿಳಿಯೂ ಅಲ್ಲ, ಕಡುನೇರಳೆಯೂ ಅಲ್ಲ, ತುದಿಯಲ್ಲಿ ತೆಳುವಾಗಿ ಬಣ್ಣ ಹಿಡಿದಿತ್ತು. ವಿಚಿತ್ರವೆಂದರೆ ಆ ಹನ್ನೊಂದೇ ಎಲ್ಲಕ್ಕಿಂತ ಉದ್ದವಾಗಿದ್ದವು, ಕಾಂಡವೂ ದಪ್ಪ.

"ಇವು ಬೆರೆತವು" ಎಂದಳು ಗಂಗಾಶ್ರೀ. "ಅರ್ಧ ನಿಮ್ಮದು, ಅರ್ಧ ಆ ಕಡೇದು. ನಿಮ್ಮ ಕಡೆಯಿಂದ ಬಂದದ್ದು ಬೇರನ್ನ ಒಂದು ಮಟ್ಟಕ್ಕೆ ಕಾಯುತ್ತೆ. ಎರಡು ಬೇರೆ ಬೇರೆ ರಕ್ತ ಕೂಡಿದ್ದಕ್ಕೆ ಬೆಳವಣಿಗೆ ಜೋರು. ನಿಮ್ಮ ಹುಳಿ ಮಣ್ಣಲ್ಲೂ ಇವು ಚೆನ್ನಾಗಿಯೇ ನಿಲ್ಲುತ್ತವೆ. ಇವನ್ನೇ ಇಟ್ಟುಕೊಂಡು ಮುಂದುವರಿಸಿದ್ರೆ ದೊಡ್ಡ ತೆನೆಯ ತಳಿಯೇ ಸಿಗಬಹುದು ಅಮ್ಮಾ, ಯೋಚನೆ ಮಾಡಿ."

"ಹೊಲದಲ್ಲಿ ಗುರುತು ಸಿಗ್ತದಾ?"

"ಎರಡು ಮೂರು ವಾರಕ್ಕೆ ಸುಮಾರಾಗಿ ಸಿಗುತ್ತೆ. ಪಕ್ಕದವಕ್ಕಿಂತ ಎತ್ತರ ಇರುತ್ತೆ, ಎಲೆ ಅಗಲ."

"ಅಷ್ಟು ಸಾಕು" ಎಂದು ಅಕ್ಕನಾಗಮ್ಮ ಎದ್ದಳು.

ಮುಂಗಾರು ಹಿಡಿದಾಗ ಬಿತ್ತಿದಳು. ಮೂರು ವಾರಕ್ಕೆ ಹೊಲ ನೋಡಿದ ಯಾರಿಗಾದರೂ ಕಾಣುವಂತಿತ್ತು, ಮೂರಕ್ಕೊಂದು ಸಸಿ ತಲೆ ಮೇಲೆತ್ತಿ ಬೀಗುತ್ತಿತ್ತು. ಪಾಲಾದ ಮೇಲೆ ಇಳಿಜಾರಿನಲ್ಲಿ ಅಂಥ ಸಸಿ ಎದ್ದಿರಲಿಲ್ಲ. ಒಂದು ಬೆಳಿಗ್ಗೆ, ಸೋನೆ ಮಳೆಯಲ್ಲೇ, ಅಕ್ಕನಾಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಲಕ್ಕೆ ಇಳಿದಳು. ಎತ್ತರದವನ್ನೆಲ್ಲ ಕೀಳತೊಡಗಿದಳು. ನೆಲ ನೆನೆದು ಮೆತ್ತಗಿತ್ತು. ಸಸಿಗಳು ಬುಡದ ಮಣ್ಣಿನ ಮುದ್ದೆಯ ಸಮೇತ ಎದ್ದು ಬಂದವು. ಬೇರು ಉದ್ದಕ್ಕೆ, ಆರೋಗ್ಯವಾಗಿ, ತನ್ನ ಜೋಳದ ಬೇರಿನ ಹಾಗೆಯೇ ಇತ್ತು. ಅದನ್ನು ನೋಡಿ ಒಂದು ಗಳಿಗೆ ಕೈ ನಿಂತಿತು. ಅರ್ಧ ತನ್ನದು ಎಂಬುದು ಆಕೆಗೆ ಗೊತ್ತಿತ್ತು. ಇನ್ನರ್ಧ ನೆನಪಾಗಿ ಮತ್ತೆ ಕಿತ್ತಳು.

ಬದುವಿನ ಆಚೆ ಪರಮಶಿವಪ್ಪ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ನಿಂತಿದ್ದ. ಅವನ ಹೊಲದಲ್ಲಿ ಆ ವರ್ಷ ಹಾಕಿದ ಜೋಳವೂ ಅರ್ಧಕ್ಕರ್ಧ ಸತ್ತು, ಸಾಲಿನ ತುಂಬ ಖಾಲಿ ಗುಣಿಗಳಿದ್ದವು.

"ಅಷ್ಟು ಚೆಂದ ಇರೋ ಸಸಿ ಯಾಕೆ ಕೀಳ್ತೀಯವ್ವಾ? ತಲೆಗಿಲೆ ಕೆಟ್ಟತಾ?" ಎಂದು ಕೂಗಿದ.

"ಇವು ನಿಮ್ಮವು ಭಾವಾರೇ!" ಎಂದು ಆಕೆ ಕೈಯಲ್ಲಿದ್ದ ಕಟ್ಟನ್ನು ಬೀಸಿ ಬದುವಿನಾಚೆ ಎಸೆದಳು. ಕೆಸರು ಅವನ ಪಂಚೆಗೆ ಸಿಡಿಯಿತು. "ನಿಮ್ಮ ಪಾಲು! ಕೇಳಿದ್ರಲ್ಲ, ತಗೊಳ್ಳಿ!"

ಅವನು ಸ್ವಲ್ಪ ಹಿಂದೆ ಸರಿದು ನಿಂತು ನೋಡಿದ. ಆಕೆ ಸಂಜೆಯವರೆಗೆ ಕಿತ್ತಳು, ಸಂಜೆಯವರೆಗೆ ಎಸೆದಳು. ಪ್ರತಿ ಎಸೆತಕ್ಕೂ ಒಂದೊಂದು ಮಾತು. ಇದು ಸುಣ್ಣಕ್ಕೆ, ಇದು ಕೋಳಿಗೊಬ್ಬರಕ್ಕೆ, ಇದು ನನ್ನನ್ನು ಜಾಣೆ ಅನ್ನಿಸಿದ್ದಕ್ಕೆ. ರಸ್ತೆಯಲ್ಲಿ ಹೋಗುವವರು ನಿಂತು ಕೇಳಿದರು. ಕೇಳಲಿ ಎಂದೇ ಕೂಗುತ್ತಿದ್ದಳು. ಮನೆಗೆ ಬಂದಾಗ ಸೊಂಟ ಎರಡು ತುಂಡಾಗಿತ್ತು, ಮನಸ್ಸು ಮಾತ್ರ ತೊಳೆದಿಟ್ಟ ಹಾಗಿತ್ತು. ಬಿಸಿ ಮುದ್ದೆ ಉಂಡು ಮಲಗಿದಳು. ಎಷ್ಟೋ ವರ್ಷದಲ್ಲಿ ಅಷ್ಟು ಒಳ್ಳೆಯ ನಿದ್ದೆ ಬಂದಿರಲಿಲ್ಲ.

ಬೆಳಿಗ್ಗೆ ಮಳೆ ಇನ್ನೂ ಹಿಡಿದೇ ಇತ್ತು. ಬದುವಿನಾಚೆ ಸಸಿಗಳ ರಾಶಿ ಕೊಳೆಯುತ್ತಿರುವುದನ್ನು ನೋಡಬೇಕೆಂದು ಅಕ್ಕನಾಗಮ್ಮ ಹೋದಳು. ರಾಶಿ ಇರಲಿಲ್ಲ. ಪರಮಶಿವಪ್ಪನ ಹೊಲದಲ್ಲಿ ಐದಾರು ಹೆಂಗಸರು ಕೊಪ್ಪೆ ಹಾಕಿಕೊಂಡು ಬಗ್ಗಿದ್ದರು. ಚೈತ್ರಶ್ರೀ ಬುಟ್ಟಿಯಿಂದ ಒಂದೊಂದೇ ಸಸಿ ಎತ್ತಿಕೊಡುತ್ತಿದ್ದಳು. ಪರಮಶಿವಪ್ಪ ಮಂಡಿಯೂರಿ, ಖಾಲಿ ಗುಣಿಯಲ್ಲಿ ಅದನ್ನು ನಿಲ್ಲಿಸಿ, ಎರಡೂ ಕೈಯಿಂದ ಬುಡಕ್ಕೆ ಮಣ್ಣು ಒತ್ತುತ್ತಿದ್ದ. ಅರ್ಧ ಹೊಲ ಆಗಲೇ ಮುಗಿದಿತ್ತು.

ಒಂದು ಕಾಳೂ ಕೊಡೆನೆಂದವಳು ತನ್ನ ಹೊಲದಲ್ಲೇ ಗಟ್ಟಿಯಾದದ್ದನ್ನು ಆರಿಸಿ ಆರಿಸಿ, ಊರೆಲ್ಲ ಕೇಳುವಂತೆ ನಿಮ್ಮ ಪಾಲು ಎಂದು ಕೂಗಿ, ತನ್ನ ಕೈಯಿಂದಲೇ ಕೊಟ್ಟಿದ್ದಳು. ಓಡಿಹೋಗಿ ಎಲ್ಲವನ್ನೂ ಮತ್ತೆ ಕಿತ್ತುಬಿಡಬೇಕೆಂದು ಕೈ ತುರಿಸಿತು. ಬದು ದಾಟಲು ಕಾಲು ಮುಂದಿಟ್ಟಳು. ಆಚೆಯದು ಅವನ ಹೊಲ. ಕಾಲು ಹಿಂದಕ್ಕೆ ತೆಗೆದಳು.

ಸೋನೆ ಬಿಡದೆ ಸುರಿಯುತ್ತಿತ್ತು. ನೆಟ್ಟ ಸಸಿಗಳಲ್ಲಿ ಒಂದೂ ಬಾಡಿರಲಿಲ್ಲ.